ಮುಂಬಯಿ ಮನೆಗೆ ಅಮೂರ್ತ ಚಿತ್ರದ ಅಕ್ರಿಲಿಕ್ ಪ್ರಿಂಟ್: ಎಡವದೆ ಕೊಳ್ಳುವ ಕ್ರಮ

ಡೊಂಬಿವಲಿ, ಮುಲುಂಡ್, ವಸಾಯಿ ಕಡೆ ಹೊಸ ಫ್ಲ್ಯಾಟಿಗೆ ಹೋದ ನಮ್ಮವರಿಂದ ಬರುವ ದೂರುಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸೋಫಾದ ಮೇಲಿನ ಗೋಡೆಗೆ ಯುರೋಪಿನ ಅಮೂರ್ತ ಚಿತ್ರಕಾರರಾದ ಕ್ಯಾಂಡಿನ್‌ಸ್ಕಿಯದೋ ಮಾಂಡ್ರಿಯಾನನದೋ ಚಿತ್ರವನ್ನು ಅಕ್ರಿಲಿಕ್, ಅಂದರೆ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ ಶೀಟಿನ ಹಿಂದೆ ಪ್ರಿಂಟ್ ಮಾಡಿಸಿ ಹಾಕಿರುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೂಲೆಯಲ್ಲಿ ಗುಳ್ಳೆ ಎದ್ದಿರುತ್ತದೆ. ಇಲ್ಲವೇ ಚಿತ್ರದ ಅಂಚೇ ಕತ್ತರಿಸಿ ಹೋಗಿರುತ್ತದೆ. ಇಲ್ಲವೇ ಹಗಲಿಡೀ ಚಿತ್ರದ ಬದಲು ಎದುರಿನ ಬಾಲ್ಕನಿಯಲ್ಲಿ ಒಣಗುವ ಬಟ್ಟೆ ಅದರಲ್ಲಿ ಕಾಣುತ್ತದೆ.

ತಪ್ಪು ಬಹುತೇಕ ಕ್ರಮದಲ್ಲಿದೆ. ಮೊಬೈಲಿನಲ್ಲಿ ಚಿತ್ರ ನೋಡಿ ಮೆಚ್ಚುತ್ತಾರೆ, ದುಡ್ಡು ಕಟ್ಟುತ್ತಾರೆ, ಆಮೇಲೆ ಟೇಪು ಹುಡುಕುತ್ತಾರೆ. ಮೊದಲು ಗೋಡೆ, ನಂತರ ಚಿತ್ರ, ಅದರ ಹಕ್ಕು, ಫೈಲು, ತಯಾರಿಸುವ ವಿಧಾನ, ಸ್ಯಾಂಪಲ್ ನೋಡಬೇಕು. ದುಡ್ಡು ಕಟ್ಟುವುದು ಇಷ್ಟೆಲ್ಲ ಆದ ಮೇಲೆ.

ಕೈಯಲ್ಲಿ ಇರಬೇಕಾದದ್ದು

ಐದು ಮೀಟರಿನ ಅಳತೆ ಟೇಪು, ಹಳೆಯ ನ್ಯೂಸ್‌ಪೇಪರ್, ಮಾಸ್ಕಿಂಗ್ ಟೇಪ್, ಟಾರ್ಚ್ ಇರುವ ಮೊಬೈಲು, ಫೈಲು ತೆರೆದು ನೋಡಲು ಲ್ಯಾಪ್‌ಟಾಪ್, ಒಂದೆರಡು ಮೈಕ್ರೊಫೈಬರ್ ಬಟ್ಟೆ. ಡ್ರಿಲ್ ಮಷೀನು ನಿಮ್ಮದೇ ಇರಬೇಕೆಂದಿಲ್ಲ. ಗೋಡೆ ಕೊರೆಯುವವನು ಬಂದಾಗ ನೀವು ಮನೆಯಲ್ಲಿದ್ದರೆ ಸಾಕು.

ಹಂತ 1: ಗೋಡೆಯನ್ನು ಓದಿ

ನ್ಯೂಸ್‌ಪೇಪರ್ ಅಂಟಿಸಿ ಚಿತ್ರದ ಅಳತೆಯ ಚೌಕ ಮಾಡಿ ಗೋಡೆಗೆ ಹಚ್ಚಿ. ಎರಡು ದಿನ ಹಾಗೇ ಬಿಡಿ. 36ಕ್ಕೆ 24 ಇಂಚು ಅಂಗಡಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಏಳು ಅಡಿ ಸೋಫಾದ ಮೇಲೆ ಸ್ಟ್ಯಾಂಪಿನಷ್ಟೇ. ಸೋಫಾದ ಅಗಲದ ಸುಮಾರು ಮೂರರಲ್ಲಿ ಎರಡು ಪಾಲು ಚಿತ್ರಕ್ಕೆ ಬರಲಿ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಲಿ. ನಮ್ಮಲ್ಲಿ ದೇವರ ಪಟದ ಅಭ್ಯಾಸದಿಂದ ಎಲ್ಲವನ್ನೂ ಬಾಗಿಲ ಪಟ್ಟಿಗಿಂತ ಮೇಲೆ ತೂಗುಹಾಕುತ್ತೇವೆ. ಅಮೂರ್ತ ಚಿತ್ರವನ್ನು ಕತ್ತೆತ್ತಿ ನೋಡುವಂತೆ ಮಾಡಬೇಡಿ.

ಆಮೇಲೆ ಬೆಳಕು. ಅದೇ ಜಾಗದಲ್ಲಿ ಒಂದು ಕನ್ನಡಿಯನ್ನೋ ಆಫ್ ಮಾಡಿದ ಲ್ಯಾಪ್‌ಟಾಪನ್ನೋ ಹಿಡಿದು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಅದರಲ್ಲಿ ಕಿಟಕಿ ಕಂಡರೆ ಹೊಳಪಿನ ಅಕ್ರಿಲಿಕ್‌ನಲ್ಲೂ ಕಿಟಕಿ ಕಾಣುತ್ತದೆ. ಕಿಟಕಿಯ ಎದುರು ಗೋಡೆಗಿಂತ ಪಕ್ಕದ ಗೋಡೆ ಯಾವಾಗಲೂ ಮೇಲು.

ಮೂರನೆಯದು ತೇವ. ಪಶ್ಚಿಮಕ್ಕೆ ತೆರೆದ ಹೊರಗೋಡೆ, ಬಾತ್‌ರೂಮಿಗೆ ಹೊಂದಿದ ಗೋಡೆ ಎರಡೂ ಅನುಮಾನದವು. ಬಣ್ಣ ಉಬ್ಬಿದ್ದರೆ, ಉಪ್ಪಿನಂಥ ಬಿಳಿ ಪುಡಿ ಉದುರುತ್ತಿದ್ದರೆ ಆ ಗೋಡೆ ಬಿಡಿ. ಹೊಸ ಬಿಲ್ಡಿಂಗ್ ಆಗಿದ್ದರೆ ಒಂದು ಮಳೆಗಾಲ ನೋಡಿಕೊಂಡೇ ಆರ್ಡರ್ ಕೊಡುವುದು ಜಾಣತನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗೋಡೆ ತನ್ನ ನಿಜ ಬಣ್ಣ ತೋರಿಸುತ್ತದೆ. ದೇವರ ಗೂಡಿನ ಪಕ್ಕ, ದೀಪ ಉರಿಯುವ ಸ್ಟ್ಯಾಂಡಿನ ಮೇಲೆ ಅಕ್ರಿಲಿಕ್ ಬೇಡವೇ ಬೇಡ. ಅದು ಬಿಸಿಗೆ ಮೆತ್ತಗಾಗುವ, ಬೆಂಕಿ ಹಿಡಿಯುವ ವಸ್ತು.

ಹಂತ 2: ಅಕ್ರಿಲಿಕ್‌ಗೆ ಒಗ್ಗುವ ಚಿತ್ರ ಆರಿಸಿ

ಎಲ್ಲ ಅಮೂರ್ತ ಚಿತ್ರಕ್ಕೂ ಅಕ್ರಿಲಿಕ್ ಹೊಂದುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಗೆರೆ ಚುರುಕಾಗಿ, ಬಣ್ಣ ಅಚ್ಚಾಗಿ, ಆಕಾರ ಸ್ಪಷ್ಟವಾಗಿ ಇರುವ ಕೃತಿಗಳು ಹೊಳಪಿನ ಹಿಂದೆ ಚೆನ್ನಾಗಿ ನಿಲ್ಲುತ್ತವೆ. ಕ್ಯಾಂಡಿನ್‌ಸ್ಕಿಯ 1923ರ ‘ಕಾಂಪೊಸಿಷನ್ 8’, 1926ರ ‘ಸೆವೆರಲ್ ಸರ್ಕಲ್ಸ್’, ಮಾಂಡ್ರಿಯಾನನ ಕೆಂಪು-ನೀಲಿ-ಹಳದಿ ಚೌಕಗಳು ಈ ಜಾತಿಯವು.

ದಪ್ಪ ಬಣ್ಣದ ಪದರವೇ ಜೀವಾಳವಾದ ಚಿತ್ರ, ಮಂದವಾಗಿ ಒಂದರೊಳಗೊಂದು ಕರಗುವ ಛಾಯೆಗಳ ಚಿತ್ರ ಅಕ್ರಿಲಿಕ್‌ನಲ್ಲಿ ಚಪ್ಪಟೆಯಾಗುತ್ತವೆ. ನಯವಾದ ಛಾಯೆಗಳು ಪ್ರಿಂಟಿನಲ್ಲಿ ಪಟ್ಟೆಪಟ್ಟೆಯಾಗಿ ಒಡೆಯುವುದೂ ಉಂಟು. ಅನುಮಾನವಿದ್ದರೆ ಫೋರ್ಟ್ ಕಡೆ ಹೋಗಿ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದೊಳಗಿನ ಜಹಾಂಗೀರ್ ನಿಕಲ್ಸನ್ ಗ್ಯಾಲರಿ, ರಸ್ತೆಯಾಚೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ನೋಡಿ. ಕ್ಯಾನ್ವಾಸಿನ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಬಣ್ಣದ ಉಬ್ಬುತಗ್ಗು ಎದ್ದು ಕಾಣುತ್ತದೆ. ಆ ಉಬ್ಬುತಗ್ಗೇ ನಿಮಗೆ ಹಿಡಿಸಿದ್ದರೆ ಕ್ಯಾನ್ವಾಸ್ ಪ್ರಿಂಟೋ ಮ್ಯಾಟ್ ಪೇಪರೋ ಮಾಡಿಸಿ, ಅಕ್ರಿಲಿಕ್ ಬಿಡಿ.

ತುಂಬ ಕಪ್ಪು ಚಿತ್ರವೂ ಬೇಡ. ಕಪ್ಪಿನ ಮೇಲಿನ ಹೊಳಪು ಕನ್ನಡಿಯ ಕೆಲಸ ಮಾಡುತ್ತದೆ.

ಹಂತ 3: ಹಕ್ಕು ಯಾರದು ನೋಡಿ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದ ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಉಳಿಯುತ್ತದೆ. 1940ರಲ್ಲಿ ತೀರಿದ ಪಾಲ್ ಕ್ಲೀ, 1944ರಲ್ಲಿ ತೀರಿದ ಕ್ಯಾಂಡಿನ್‌ಸ್ಕಿ, ಮಾಂಡ್ರಿಯಾನ್, ಹಿಲ್ಮಾ ಆಫ್ ಕ್ಲಿಂಟ್ ಇವರ ಕೃತಿಗಳಿಗೆ ಇಲ್ಲಿ ಆ ಅವಧಿ ಮುಗಿದಿದೆ.

ನಮ್ಮ ದೇಶದ ಚಿತ್ರಕಾರರ ವಿಷಯ ಹಾಗಲ್ಲ. ಗಾಯತೊಂಡೆ ತೀರಿದ್ದು 2001ರಲ್ಲಿ, ಹಕ್ಕು 2061ರ ಕೊನೆಯವರೆಗೆ. ರಝಾ ತೀರಿದ್ದು 2016ರಲ್ಲಿ, ಹಕ್ಕು 2076ರವರೆಗೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದು ಮುಂಬಯಿಯಲ್ಲೇ ನೆಲೆಸಿದ ಕೆ.ಕೆ. ಹೆಬ್ಬಾರರದು 2056ರವರೆಗೆ. ಇವರ ಚಿತ್ರದ ಅಗ್ಗದ ಅಕ್ರಿಲಿಕ್ ಪ್ರಿಂಟ್ ಆನ್‌ಲೈನಿನಲ್ಲಿ ಕಂಡರೆ ಯಾರ ಅನುಮತಿಯಲ್ಲಿ ಮಾಡಿದ್ದು ಎಂದು ಕೇಳಿ. ರಝಾ ಮತ್ತೆ ಮತ್ತೆ ಬಿಡಿಸಿದ ‘ಬಿಂದು’ವಿನ ಹೆಸರಲ್ಲಿ ಹುಡುಕಿದರೆ ಸಿಗುವ ಪ್ರಿಂಟುಗಳಿಗೂ ಈ ಪ್ರಶ್ನೆ ಬೇಕು. ಉತ್ತರ ಬರದಿದ್ದರೆ ಬಿಡಿ. ಪರವಾನಗಿ ಪಡೆದ ಪ್ರಿಂಟಿಗೆ ಮಾರುವವರು ಕಾಗದ ಕೊಡುತ್ತಾರೆ.

ಇನ್ನೊಂದು ಎಚ್ಚರಿಕೆ: ‘ಅಕ್ರಿಲಿಕ್ ಪೇಂಟಿಂಗ್’ ಎಂದು ದೊಡ್ಡಕ್ಷರದಲ್ಲಿ ಹಾಕಿ, ಕೆಳಗೆ ‘ಡಿಜಿಟಲ್ ಪ್ರಿಂಟ್’ ಎಂದು ಸಣ್ಣಕ್ಷರದಲ್ಲಿ ಬರೆಯುವವರಿದ್ದಾರೆ. ಕೈಯಿಂದ ಬಿಡಿಸಿದ್ದು ಅಂದುಕೊಂಡು ದುಪ್ಪಟ್ಟು ಕೊಡಬೇಡಿ.

ಹಂತ 4: ಫೈಲು ಪರೀಕ್ಷಿಸಿ

ಹೆಚ್ಚಿನವರು ಕೈಸುಟ್ಟುಕೊಳ್ಳುವುದು ಇಲ್ಲಿ. ಫೈಲು ನೀವೇ ತರುವುದಾದರೆ ಸಂಗ್ರಹಾಲಯಗಳ ತಾಣದಿಂದಲೇ ತನ್ನಿ. ನ್ಯೂಯಾರ್ಕಿನ ಮೆಟ್, ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಹಕ್ಕು ಮುಗಿದ ಅನೇಕ ಕೃತಿಗಳ ಚಿತ್ರವನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಡುತ್ತವೆ. ಕೃತಿಯ ಪುಟದಲ್ಲಿ ‘ಪಬ್ಲಿಕ್ ಡೊಮೇನ್’ ಅಥವಾ ‘ಸಿಸಿ ಝೀರೊ’ ಎಂಬ ಗುರುತಿದೆಯೇ ನೋಡಿ. ಹುಡುಕಾಟದಲ್ಲಿ ಸಿಕ್ಕ ಯಾವುದೋ ಫೋಟೊ ತೆಗೆದರೆ ಬಣ್ಣದ ಮೇಲೆ ಭರವಸೆ ಇಲ್ಲ. ಒಂದೇ ಕ್ಯಾಂಡಿನ್‌ಸ್ಕಿ ಒಂದು ಕಡೆ ಹಳದಿ, ಇನ್ನೊಂದು ಕಡೆ ಗುಲಾಬಿ. ಕೃತಿಯ ಹೆಸರು, ವರ್ಷ, ಇರುವ ಸಂಗ್ರಹಾಲಯ, ಮೂಲದ ಅಳತೆ ಈ ನಾಲ್ಕೂ ಇಲ್ಲದ ‘ಕ್ಯಾಂಡಿನ್‌ಸ್ಕಿ’ ಎಷ್ಟೋ ಸಲ ಕ್ಯಾಂಡಿನ್‌ಸ್ಕಿಯದೇ ಅಲ್ಲ, ಯಾರೋ ಕಂಪ್ಯೂಟರಿನಲ್ಲಿ ಮಾಡಿದ ನಕಲು.

*ಪಿಕ್ಸೆಲ್ ಲೆಕ್ಕ.* ಇಂಚಿಗೆ 150 ಪಿಕ್ಸೆಲ್ ಇದ್ದರೆ ಚೆನ್ನ. 36ಕ್ಕೆ 24 ಇಂಚಿಗೆ 5400ಕ್ಕೆ 3600 ಪಿಕ್ಸೆಲ್ ಬೇಕು. ಆರೇಳು ಅಡಿ ದೂರದಿಂದ ನೋಡುವ ಚಿತ್ರಕ್ಕೆ 100 ಇದ್ದರೂ ನಡೆಯುತ್ತದೆ, ಅದಕ್ಕಿಂತ ಇಳಿಯಬೇಡಿ. ಮಾಂಡ್ರಿಯಾನನ ಕಪ್ಪು ಗೆರೆಯಂಥದ್ದು ಫೈಲು ಸಣ್ಣದಾದರೆ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗುತ್ತದೆ. ಲ್ಯಾಪ್‌ಟಾಪಿನಲ್ಲಿ 100 ಪ್ರತಿಶತಕ್ಕೆ ಹಿಗ್ಗಿಸಿ ಒಂದು ಗೆರೆಯುದ್ದಕ್ಕೂ ನೋಡಿ. ಎಐ ಬಳಸಿ ದೊಡ್ಡದು ಮಾಡಿಕೊಡುತ್ತೇವೆ ಎಂದರೆ ಒಪ್ಪುವ ಮುಂಚೆ ಅದನ್ನೂ ಹೀಗೇ ನೋಡಿ. ಇಲ್ಲದ ಕುಂಚದ ಗುರುತುಗಳನ್ನು ಅದು ಹುಟ್ಟಿಸುತ್ತದೆ.

*ಪ್ರಮಾಣ.* ‘ಕಾಂಪೊಸಿಷನ್ 8’ರ ಮೂಲ ಸುಮಾರು 140ಕ್ಕೆ 201 ಸೆಂಮೀ. 24 ಇಂಚು ಎತ್ತರಕ್ಕೆ ಇಳಿಸಿದರೆ ಅಗಲ 34 ಇಂಚು ಚಿಲ್ಲರೆ. ಅಂಗಡಿಯವನ ಸಿದ್ಧ ಸೈಜು 36ಕ್ಕೆ 24. ಅದಕ್ಕೆ ತುಂಬಿಸಬೇಕಾದರೆ ಮೇಲೆ-ಕೆಳಗೆ ಸೇರಿ ಒಂದಿಂಚಿಗೂ ಹೆಚ್ಚು ಕತ್ತರಿಸುತ್ತಾನೆ ಅಥವಾ ಅಡ್ಡಕ್ಕೆ ಎಳೆಯುತ್ತಾನೆ. ಎಳೆದರೆ ವೃತ್ತವೆಲ್ಲ ಮೊಟ್ಟೆ. ಅಮೂರ್ತ ಚಿತ್ರ ತಾನೆ, ಯಾರಿಗೆ ಗೊತ್ತಾಗುತ್ತದೆ ಎಂಬ ಧೋರಣೆ ಪ್ರಿಂಟ್ ಅಂಗಡಿಗಳಲ್ಲಿ ಸಾಮಾನ್ಯ. ಶೀಟು 8 ಅಡಿಗೆ 4 ಅಡಿಯದು, ಅದನ್ನು ಹೇಗೂ ಕತ್ತರಿಸಲೇಬೇಕು. ಹಾಗಾಗಿ ‘ಚಿತ್ರದ ಪ್ರಮಾಣಕ್ಕೆ ಶೀಟು ಕತ್ತರಿಸಿ, ಶೀಟಿನ ಪ್ರಮಾಣಕ್ಕೆ ಚಿತ್ರ ಬೇಡ’ ಎಂದು ಬರವಣಿಗೆಯಲ್ಲೇ ಹೇಳಿ.

*ದಿಕ್ಕು.* ಅಕ್ರಿಲಿಕ್‌ನ ಹಿಂಬದಿಗೆ ನೇರ ಮುದ್ರಿಸುವಾಗ ಫೈಲನ್ನು ಎಡಬಲ ತಿರುಗಿಸಬೇಕು. ಆಪರೇಟರ್ ಮರೆತರೆ ಕನ್ನಡಿ ಬಿಂಬ ಬರುತ್ತದೆ. ಮನುಷ್ಯರೋ ಅಕ್ಷರವೋ ಇದ್ದರೆ ತಕ್ಷಣ ತಿಳಿಯುತ್ತಿತ್ತು, ಇಲ್ಲಿ ವರ್ಷಗಟ್ಟಲೆ ತಿಳಿಯದೆ ಗೋಡೆಯ ಮೇಲೆ ಇರಬಹುದು. ತಲೆಕೆಳಗು ಆಗುವುದಂತೂ ದೊಡ್ಡವರಿಗೂ ತಪ್ಪಿಲ್ಲ. ಮಾಂಡ್ರಿಯಾನನ 1941ರ ‘ನ್ಯೂಯಾರ್ಕ್ ಸಿಟಿ 1’ ಜರ್ಮನಿಯ ಡ್ಯುಸೆಲ್‌ಡಾರ್ಫಿನ ಸಂಗ್ರಹಾಲಯದಲ್ಲಿ ದಶಕಗಳಿಂದ ತಲೆಕೆಳಗಾಗಿ ತೂಗುತ್ತಿರುವಂತಿದೆ ಎಂದು 2022ರಲ್ಲಿ ಅಲ್ಲಿನವರೇ ಹೇಳಿದರು. ಅಂಟಿಸಿದ ಪಟ್ಟಿಗಳು ಕಿತ್ತುಬಂದಾವೆಂದು ಅದನ್ನು ತಿರುಗಿಸಲಿಲ್ಲ. ನೀವು ಒಂದು ಗುರುತು ಹಿಡಿದಿಟ್ಟುಕೊಳ್ಳಿ. ‘ಕಾಂಪೊಸಿಷನ್ 8’ರಲ್ಲಿ ದೊಡ್ಡ ಕಪ್ಪು ವೃತ್ತ ಮೇಲಿನ ಎಡ ಮೂಲೆಯಲ್ಲಿದೆ. ಅದು ಬಲಕ್ಕಿದ್ದರೆ ಪ್ರಿಂಟು ಉಲ್ಟಾ.

ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ.

ಹಂತ 5: ಹೇಗೆ ಮಾಡುತ್ತಾರೆ ಎಂದು ಕೇಳಿ

ಅಂಧೇರಿಯ ಎಂಐಡಿಸಿ, ಲೋವರ್ ಪರೇಲಿನ ಇಂಡಸ್ಟ್ರಿಯಲ್ ಎಸ್ಟೇಟುಗಳ ಗಾಲಾಗಳಲ್ಲಿ (ಸಣ್ಣ ಕಾರ್ಖಾನೆ ಮಳಿಗೆಗಳಲ್ಲಿ) ‘ಅಕ್ರಿಲಿಕ್ ಪ್ರಿಂಟ್’ ಎಂಬ ಒಂದೇ ಹೆಸರಿಗೆ ಮೂರು ಬೇರೆ ಬೇರೆ ಸಾಮಾನು ಸಿಗುತ್ತವೆ.

ಒಂದು, ಫೋಟೊ ಪೇಪರಿನ ಮೇಲೆ ಮುದ್ರಿಸಿ, ಪಾರದರ್ಶಕ ಅಂಟಿನಿಂದ ಅಕ್ರಿಲಿಕ್‌ನ ಹಿಂದೆ ಕೂರಿಸಿ, ಅದರ ಹಿಂದೆ ಎಸಿಪಿ (ಅಲ್ಯುಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಶೀಟ್ ಕೊಡುವುದು. ಬಣ್ಣದ ಆಳ ಇದರಲ್ಲೇ ಚೆಂದ, ಬೆಲೆಯೂ ಹೆಚ್ಚು. ಅಂಟಿಸುವ ಕೈ ಪಳಗಿರಬೇಕು, ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಅದು ಶಾಶ್ವತ.

ಎರಡು, ಅಕ್ರಿಲಿಕ್‌ನ ಹಿಂಬದಿಗೆ ನೇರವಾಗಿ ಯುವಿ ಪ್ರಿಂಟ್ (ಅತಿನೇರಳೆ ಬೆಳಕಿನಲ್ಲಿ ಇಂಕು ಒಣಗಿಸುವ ಮುದ್ರಣ) ಮಾಡಿ ಅದರ ಮೇಲೆ ಬಿಳಿ ಇಂಕಿನ ಪದರ ಕೊಡುವುದು. ನಡುವೆ ಕಾಗದವೂ ಇಲ್ಲ, ಅಂಟೂ ಇಲ್ಲ. ಮುಂಬಯಿಯ ಹವೆಗೆ, ಮಧ್ಯಮ ಬಜೆಟ್ಟಿಗೆ ನನ್ನ ಓಟು ಇದಕ್ಕೆ.

ಮೂರು, ವಿನೈಲ್ ಸ್ಟಿಕ್ಕರಿಗೆ ಪ್ರಿಂಟ್ ಹೊಡೆದು ಅಕ್ರಿಲಿಕ್‌ಗೆ ಅಂಟಿಸಿ ಕೊಡುವುದು. ಮೊದಲ ದಿನ ಮೂರಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಮಳೆಗಾಲದ ತೇವಕ್ಕೆ ಅಂಚಿನಿಂದ ಅಂಟು ಬಿಡುತ್ತಾ ಬಂದು, ಮೊಬೈಲಿನ ಸ್ಕ್ರೀನ್‌ಗಾರ್ಡ್ ಕೆಳಗೆ ಗಾಳಿ ಸೇರಿದಂತೆ ಬೆಳ್ಳಿ ಬಣ್ಣದ ತೇಪೆಗಳು ಏಳುತ್ತವೆ. ಮೇಲೆ ಹೇಳಿದ ಗುಳ್ಳೆಯ ದೂರುಗಳಲ್ಲಿ ಬಹುಪಾಲು ಇದರವೇ.

ಪತ್ತೆ ಹಚ್ಚುವುದು ಸುಲಭ. ಅಂಗಡಿಯಲ್ಲಿಟ್ಟ ಸ್ಯಾಂಪಲ್ಲನ್ನು ಮಗುಚಿ, ಹಿಂಬದಿಯ ಮೂಲೆಯಲ್ಲಿ ಉಗುರು ಹಾಕಿ ಮೆಲ್ಲಗೆ ಎಬ್ಬಿಸಿ. ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಅಂಚಿನಿಂದ ಮೇಲೇಳುವಂತಿದ್ದರೆ ವಿನೈಲ್. ಯುವಿ ಪ್ರಿಂಟಿನಲ್ಲಿ ಏಳುವುದಕ್ಕೆ ಪೊರೆಯೇ ಇರುವುದಿಲ್ಲ, ಬೆರಳಿಗೆ ಒರಟೊರಟಾದ ಒಣ ಇಂಕು ಸಿಗುತ್ತದೆ. ಆಮೇಲೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಂದೆ ನೋಡಿ. ಬೆಳಕು ಅಲ್ಲಲ್ಲಿ ತೇಪೆತೇಪೆಯಾಗಿ ತೂರಿದರೆ ಬಿಳಿ ಪದರ ತೆಳುವಾಗಿದೆ, ಗೋಡೆಯ ಮೇಲೆ ಬಣ್ಣ ಮಂಕಾಗುತ್ತದೆ. ಬಿಳಿ ಇನ್ನೊಂದು ಕೋಟ್ ಬೇಕೆಂದು ಹೇಳಿ.

*ಶೀಟಿನ ಗುಣ.* ‘ಭಾಯಿ, ಕಾಸ್ಟ್ ಹೈ ಯಾ ಎಕ್ಸ್‌ಟ್ರೂಡೆಡ್?’ ಎಂದು ಕೇಳಿ. ಎರಕ ಹೊಯ್ದು ಮಾಡಿದ್ದು ಕಾಸ್ಟ್, ಮಷೀನಿನಿಂದ ಒತ್ತಿ ಹೊರತೆಗೆದದ್ದು ಎಕ್ಸ್‌ಟ್ರೂಡೆಡ್. ಕಾಸ್ಟ್ ಶೀಟು ಅಂಚಿನಲ್ಲಿ ನುಣುಪಾಗಿ ಪಾಲಿಶ್ ಆಗುತ್ತದೆ, ಕ್ಲೀನರ್ ತಗುಲಿ ಬಿರುಕು ಬಿಡುವುದೂ ಕಡಿಮೆ. ‘ಏಕ್‌ದಮ್ ಫಸ್ಟ್ ಕ್ಲಾಸ್ ಆಯೇಗಾ ಸಾಬ್’ ಎಂಬುದು ಉತ್ತರವಲ್ಲ, ಕಾಸ್ಟ್ ಎಂದು ಬಿಲ್ಲಿನಲ್ಲಿ ಬರೆಸಿ.

*ದಪ್ಪ.* ಎರಡಡಿಯೊಳಗಿನ ಚಿತ್ರಕ್ಕೆ 3 ಎಂಎಂ, ಮೂರಡಿಗೆ 5 ಎಂಎಂ. ನಾಲ್ಕಡಿ ದಾಟಿದರೆ 6 ಅಥವಾ 8. ತೆಳು ಶೀಟು ದೊಡ್ಡ ಅಳತೆಯಲ್ಲಿ ಬಾಗುತ್ತದೆ. 36ಕ್ಕೆ 24 ಇಂಚಿನ 5 ಎಂಎಂ ಶೀಟು ಸುಮಾರು 3.3 ಕೆಜಿ ತೂಗುತ್ತದೆ, ಎಸಿಪಿ ಸೇರಿದರೆ 5 ಕೆಜಿ ದಾಟುತ್ತದೆ. ಗೋಡೆಯ ಗಿಟ್ಟಿ (ತಿರುಪು ಹಿಡಿಯುವ ಪ್ಲಗ್) ಆರಿಸುವಾಗ ಈ ತೂಕ ನೆನಪಿರಲಿ.

ಹಂತ 6: ಕೊಟೇಶನ್, ಸ್ಯಾಂಪಲ್

ದರ ಚದರ ಅಡಿಗೆ ಹೇಳುತ್ತಾರೆ, ಅದರಲ್ಲಿ ಏನೇನು ಸೇರಿದೆ ಎಂದು ಹೇಳುವುದಿಲ್ಲ. ಅಂಚಿನ ಪಾಲಿಶ್, ತೂತು, ಸ್ಟಡ್ (ಚಿತ್ರವನ್ನು ಗೋಡೆಗೆ ಹಿಡಿಸುವ ಲೋಹದ ಗುಬಟು), ಪ್ಯಾಕಿಂಗ್, ಟೆಂಪೊ, ಜಿಎಸ್‌ಟಿ ಸೇರಿ ಒಟ್ಟು ಎಷ್ಟು ಎಂದು ಕೇಳಿ. ಅರ್ಧ ಬೆಲೆಗೆ ಕೊಡುವವನು ವಿನೈಲ್ ಕೊಡುತ್ತಿದ್ದಾನೆ ಎಂದೇ ತಿಳಿಯಿರಿ.

ಪೂರ್ತಿ ದುಡ್ಡು ಕಟ್ಟುವ ಮೊದಲು ನಿಮ್ಮದೇ ಚಿತ್ರದ ಒಂದು ತುಂಡನ್ನು ಎ4 ಅಳತೆಯಲ್ಲಿ ಅದೇ ಶೀಟಿನ ಮೇಲೆ ಮಾಡಿಸಿ. ಇಡೀ ಚಿತ್ರವನ್ನು ಎ4ಕ್ಕೆ ಕುಗ್ಗಿಸಿದ ಸ್ಯಾಂಪಲ್ ಬೇಡ. ನಿಜ ಅಳತೆಯಲ್ಲಿ, ಕಡುನೀಲಿಯೂ ತಿಳಿಬಣ್ಣವೂ ಎರಡೂ ಇರುವ ಭಾಗ ಬೇಕು. ಕಂಪ್ಯೂಟರ್ ಪರದೆಯ ಕಡುನೀಲಿ, ಕಿತ್ತಳೆ ಇಂಕಿನಲ್ಲಿ ಹಾಗೇ ಬರುವುದಿಲ್ಲ, ಎಷ್ಟು ಇಳಿಯುತ್ತದೆ ಎಂಬುದು ಈ ತುಂಡಿನಲ್ಲಿ ಗೊತ್ತಾಗುತ್ತದೆ. ಅದನ್ನು ಮನೆಗೆ ತಂದು ಅದೇ ಗೋಡೆಗೆ ಹಿಡಿದು, ಹಗಲಲ್ಲೂ ರಾತ್ರಿಯ ಎಲ್‌ಇಡಿ ಬೆಳಕಿನಲ್ಲೂ ನೋಡಿ. ಸ್ಯಾಂಪಲ್ ಕೊಡಲು ಒಲ್ಲೆ ಎನ್ನುವವನಿಗೆ ದೊಡ್ಡ ಆರ್ಡರ್ ಕೊಡಬೇಡಿ.

ಅಳತೆ ಹೇಳಿ ಮಾಡಿಸಿದ್ದನ್ನು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಆನ್‌ಲೈನ್ ಆದರೆ ವಾಪಸಾತಿಯ ನಿಯಮವನ್ನು ಮೊದಲೇ ಓದಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹಂತ 7: ಸಾಮಾನು ಇಳಿಸಿಕೊಳ್ಳುವುದು

ಪ್ಯಾಕಿಂಗ್ ಸೇರಿ ಅಳತೆ ನಾಲ್ಕೈದು ಇಂಚು ಬೆಳೆಯುತ್ತದೆ. ಮಾಟುಂಗಾ, ದಾದರಿನ ಹಳೆಯ ಬಿಲ್ಡಿಂಗಿನ ಲಿಫ್ಟಿಗೆ ನಾಲ್ಕಡಿ ಪೆಟ್ಟಿಗೆ ಹಿಡಿಸುತ್ತದೆಯೇ, ಮೆಟ್ಟಿಲ ತಿರುವಿನಲ್ಲಿ ತಿರುಗುತ್ತದೆಯೇ ಎಂದು ಮೊದಲೇ ಅಳೆಯಿರಿ. ಡೆಲಿವರಿ ಹುಡುಗ ಪೆಟ್ಟಿಗೆಯನ್ನು ವಾಚ್‌ಮನ್ ಹತ್ತಿರ ನಿಲ್ಲಿಸಿ ಹೋಗಲು ಬಿಡಬೇಡಿ. ತೆರೆಯುವಾಗ ಒಂದೇ ಓಟದ ವಿಡಿಯೊ ತೆಗೆಯಿರಿ, ಮೂಲೆ ನಾಲ್ಕನ್ನೂ ತೋರಿಸಿ.

ಮೇಲಿನ ರಕ್ಷಣಾ ಪೊರೆಯ ಒಂದು ಮೂಲೆ ಮಾತ್ರ ಎತ್ತಿ ಗೀರು, ಧೂಳು ನೋಡಿ. ಪೂರ್ತಿ ತೆಗೆಯುವುದು ಗೋಡೆಗೆ ಕೂರಿಸಿದ ಮೇಲೆ. ಹಾಗೆಂದು ತಿಂಗಳುಗಟ್ಟಲೆ ಬಿಟ್ಟರೆ ಪೊರೆಯ ಅಂಟು ಹಿಡಿದುಕೊಳ್ಳುತ್ತದೆ.

ಹಂತ 8: ತೂಗುಹಾಕುವುದು

ಸೊಸೈಟಿಯಲ್ಲಿ ಡ್ರಿಲ್ ಮಾಡುವ ಸಮಯ ಕೇಳಿಕೊಳ್ಳಿ. ಮಧ್ಯಾಹ್ನದ ನಿದ್ದೆ ಕೆಡಿಸಿದರೆ ಚಿತ್ರಕ್ಕಿಂತ ಜಗಳ ದೊಡ್ಡದಾಗುತ್ತದೆ.

ಅಕ್ರಿಲಿಕ್‌ಗೆ ತೂತು ಅಂಗಡಿಯಲ್ಲೇ ಆಗಬೇಕು. ಬಡಗಿಯ ಮಾಮೂಲಿ ಬಿಟ್ ಹಾಕಿದರೆ ಶೀಟು ಸೀಳುತ್ತದೆ. ತೂತು ಅಂಚಿನಿಂದ ಒಂದಿಂಚು ಒಳಗಿರಲಿ, ಸ್ಟಡ್ಡಿನ ತಿರುಪಿಗಿಂತ ಒಂದು ಎಂಎಂ ದೊಡ್ಡದಿರಲಿ. ಅಕ್ರಿಲಿಕ್ ಬಿಸಿಗೆ ಹಿಗ್ಗುತ್ತದೆ: ಒಂದು ಮೀಟರ್ ಉದ್ದ, 20 ಡಿಗ್ರಿ ಏರಿಳಿತ ಎಂದರೆ ಸುಮಾರು ಒಂದೂವರೆ ಎಂಎಂ. ಆ ಜಾಗ ಸಿಗದಿದ್ದರೆ ತೂತಿನ ಸುತ್ತ ಕೂದಲೆಳೆ ಬಿರುಕು ಶುರುವಾಗುತ್ತದೆ. ಸ್ಟಡ್ಡಿನ ಎರಡೂ ಕಡೆ ರಬ್ಬರ್ ವಾಷರ್ ಇರಲಿ, ಕೈಯಿಂದ ಬಿಗಿದಷ್ಟೇ ಸಾಕು, ಪಕ್ಕಡ್ (ಇಕ್ಕಳ) ಬೇಡ.

ಗೋಡೆ ಕೊರೆಯುವಾಗ ಪುಡಿ ನೋಡಿ. ಕೆಂಪು ಬಂದರೆ ಇಟ್ಟಿಗೆ, ಮಾಮೂಲಿ ಗಿಟ್ಟಿ ಸಾಕು. ಬೂದು ಪುಡಿ ಬಂದು ಡ್ರಿಲ್ ಒದ್ದಾಡಿದರೆ ಕಾಂಕ್ರೀಟು, ಹ್ಯಾಮರ್ ಡ್ರಿಲ್ ಬೇಕು. ಬೆಣ್ಣೆಯಂತೆ ಒಳಗೆ ಹೋಗಿ ಬಿಳಿಚಿದ ಪುಡಿ ಸುರಿದರೆ ಎಎಸಿ ಬ್ಲಾಕು (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟಿನ ಇಟ್ಟಿಗೆ), ಅಲ್ಲಿ ಮಾಮೂಲಿ ಗಿಟ್ಟಿ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಆ ಬ್ಲಾಕಿಗೆಂದೇ ಬರುವ ಉದ್ದನೆಯ ನೈಲಾನ್ ಪ್ಲಗ್ ಕೇಳಿ ತನ್ನಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೊರೆಯಬೇಡಿ, ಒಳಗೆ ವೈರಿನ ಪೈಪ್ ಇರುತ್ತದೆ.

ಡಬಲ್ ಟೇಪಿನಿಂದ ಅಂಟಿಸುವ ಮಾತೇ ಬೇಡ. ಸ್ಟಡ್ ಆಗಲಿ, ಹಿಂದೆ ಅಡಗಿದ ಅಲ್ಯುಮಿನಿಯಂ ಚೌಕಟ್ಟಾಗಲಿ, ಗೋಡೆಗೂ ಚಿತ್ರಕ್ಕೂ ನಡುವೆ ಅರ್ಧ-ಮುಕ್ಕಾಲು ಇಂಚು ಗಾಳಿಯಾಡುವ ಸಂದು ಇರಬೇಕು.

ಹಂತ 9: ಒರೆಸುವುದು

ಅಕ್ರಿಲಿಕ್ ಧೂಳನ್ನು ಎಳೆದುಕೊಳ್ಳುತ್ತದೆ, ಒಣಬಟ್ಟೆಯಿಂದ ಉಜ್ಜಿದರೆ ಇನ್ನೂ ಹೆಚ್ಚು. ಮೈಕ್ರೊಫೈಬರ್ ಬಟ್ಟೆಯನ್ನು ನೀರಿನಲ್ಲಿ ಹಿಂಡಿ ಒಂದೇ ದಿಕ್ಕಿಗೆ ಒರೆಸಿ. ಎಣ್ಣೆ ಜಿಡ್ಡಿದ್ದರೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಅಮೋನಿಯಾ ಇರುವ ಗಾಜಿನ ಸ್ಪ್ರೇ, ಸ್ಯಾನಿಟೈಜರ್, ಥಿನ್ನರ್ ಮೂರೂ ನಿಷಿದ್ಧ, ಲೇಸರಿನಲ್ಲಿ ಕತ್ತರಿಸಿದ ಅಂಚಿಗಂತೂ ಸ್ಪಿರಿಟ್ ತಗುಲಿದರೆ ಸಣ್ಣ ಸಣ್ಣ ಬಿರುಕು ಹರಡುತ್ತದೆ. ಮನೆಗೆಲಸಕ್ಕೆ ಬರುವ ಬಾಯಿಗೆ ಇದನ್ನು ಮೊದಲ ದಿನವೇ ಹೇಳಿ. ಮೊದಲ ಮಳೆಗಾಲದಲ್ಲಿ, ಜುಲೈ ಮಧ್ಯದ ಹೊತ್ತಿಗೆ, ಪಕ್ಕದಿಂದ ಟಾರ್ಚ್ ಬಿಟ್ಟು ಹಿಂದಿನ ಗೋಡೆ ಒಮ್ಮೆ ನೋಡಿ. ತೇವ ಕಂಡರೆ ಸ್ಟಡ್ಡಿನ ಟೋಪಿ ಬಿಚ್ಚಿ ಚಿತ್ರ ಇಳಿಸಿ, ಗೋಡೆ ರಿಪೇರಿಯಾಗಿ ಒಣಗುವವರೆಗೆ ಕಪಾಟಿನ ಪಕ್ಕ ನಿಲ್ಲಿಸಿಡಿ.